ಬೆಳಿಗ್ಗೆಯೇ ಬರೆದಿಟ್ಟ ಚೀಟಿ

"ಅಕ್ಕಾ, ನೀನೊಂದ್ ಸಲ ಹೋಗಿ ಆ ಜಾಗ ನೋಡ್ಕೊಂಡ್ ಬಾ," ಎಂದ ನನ್ನ ತಮ್ಮ. "ಮರೀನ ಅಲ್ಲಿ ಬುಡಬೋದಾ ಬ್ಯಾಡ್ವಾ ಹೇಳು. ನೀನು ಹೂಂ ಅಂದ್ರೆ ಬುಡ್ತೀವಿ, ಇಲ್ಲಾಂದ್ರೆ ಇಲ್ಲ."

ಅವನು ಕುಂಬಾರಕೊಪ್ಪಲಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಭಾನುವಾರದ ಬೆಳಿಗ್ಗೆ. ಮದುವೆಯಾಗಿ ವರ್ಷವಾಗಿತ್ತು, ಹೆಬ್ಬಾಳದಲ್ಲಿ ಕಾರ್ಖಾನೆಗೆ ಹತ್ತಿರ ಬಾಡಿಗೆ ಮನೆ ಮಾಡಿದ್ದ. ಹೆಂಡತಿಯೂ ಕೆಲಸಕ್ಕೆ ಹೋಗುವವಳು. ಅವಳ ಆಸೆಗೆ ಒಂದು ನಾಯಿಮರಿ ತಂದಿದ್ದರು. ಹಗಲು ಅದನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಶಿಶುವಿಹಾರಕ್ಕೆ ಮಕ್ಕಳನ್ನು ಬಿಡುವ ಹಾಗೆ, ಮರಿಗಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಒಂದು ಜಾಗ ಆ ಕಡೆ ಹೊಸದಾಗಿ ಶುರುವಾಗಿತ್ತು. ಹೆಂಡತಿ ನೋಡಿ ಬಂದು ಮೆಚ್ಚಿದ್ದಳು. ಆದರೂ ಅಕ್ಕ ಒಂದು ಸಲ ನೋಡಲಿ ಎಂದು ಇವನ ಹಟ.

"ನಂಗೇನ್ ಗೊತ್ತಾಗುತ್ತೋ? ಅವಳೇ ನೋಡ್ಕೊಂಡ್ ಬಂದವ್ಳಲ್ಲ."

"ಅವಳು ಸೋಫಾ ನೋಡ್ಕೊಂಡ್ ಬಂದವ್ಳೆ ಕಣಕ್ಕಾ. ನೀನು ಅಂತಾ ಕಡೆ ಕೆಲಸ ಮಾಡಿದೋಳು. ನಿಂಗೆ ಒಳಗಿಂದೆಲ್ಲ ಗೊತ್ತು."

ಒಳಗಿನದೆಲ್ಲ ನನಗೆ ಗೊತ್ತಿತ್ತು, ನಿಜ. ಅದನ್ನೇ ಅವನಿಗೆ ಹೇಳದೆ ನಾಲ್ಕು ವರ್ಷ ಕಳೆದಿದ್ದೆ. ಅವನ ಮೊದಲನೆಯ ಮರಿ ಸತ್ತದ್ದಕ್ಕೆ ನನ್ನ ಸುಳ್ಳೂ ಕಾರಣ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು. ಈಗ ಎರಡನೆಯದರ ಬಗ್ಗೆಯೂ ನನ್ನ ಮಾತನ್ನೇ ಕೇಳಲು ಬಂದು ಕೂತಿದ್ದ. ಕಾಫಿ ತರುವ ನೆಪ ಮಾಡಿಕೊಂಡು ಎದ್ದು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅದನ್ನು ಒರೆಸುತ್ತಾ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ಅಪ್ಪ ಹೋದ ಮೇಲೆ ಅಮ್ಮ ಊದುಬತ್ತಿ ಹೊಸೆದು ನಮ್ಮಿಬ್ಬರನ್ನು ಸಾಕುತ್ತಿದ್ದಳು, ಮಣೆಯ ಮುಂದೆ ಕೂರಲು ಇನ್ನೊಂದು ಜೊತೆ ಕೈ ಬೇಕಾಗಿತ್ತು. ತಮ್ಮ ಓದಿದ, ಐಟಿಐ ಮಾಡಿದ. ಶಾಲೆಯಿಂದ ನನ್ನ ಜೊತೆ ಉಳಿದದ್ದು ಅಕ್ಷರ ಒಂದೇ. ದುಂಡಗೆ, ಒಂದೇ ಅಳತೆಗೆ, ಗೆರೆಯಿಲ್ಲದ ಹಾಳೆಯಲ್ಲೂ ನೇರವಾಗಿ ಬರೆಯುತ್ತಿದ್ದೆ. ತಮ್ಮನ ಕಾಪಿ ಪುಸ್ತಕವನ್ನು ನಾನೇ ಬರೆದುಕೊಡುತ್ತಿದ್ದೆ. "ಇಷ್ಟು ಚೆನ್ನಾಗಿ ನೀನು ಬರೆಯೋಕೆ ಸಾಧ್ಯಾನೇ ಇಲ್ಲ ಕಣೋ" ಎಂದು ಮೇಷ್ಟ್ರು ಅವನಿಗೆ ಎರಡೇಟು ಹಾಕಿದ್ದರು. ಏಟು ತಿಂದು ಮನೆಗೆ ಬಂದವನು ಅಳುತ್ತಿರಲಿಲ್ಲ, ಹೆಮ್ಮೆಪಡುತ್ತಿದ್ದ. "ನಮ್ಮಕ್ಕ ಬರ್ದಿದ್ದು ಅಂತ ಹೇಳ್ಬುಟ್ಟೆ" ಎಂದ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬನ್ನಿಮಂಟಪದ ಆಚೆ ಒಂದು ದೊಡ್ಡ ಮನೆಗೆ ಪಾತ್ರೆ, ಕಸದ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯವರು ಒಬ್ಬರೇ ಇದ್ದ ಹೆಂಗಸು. ನಾನು ಅಮ್ಮಾವ್ರು ಎನ್ನುತ್ತಿದ್ದೆ. ಅವರ ಹತ್ತಿರ ಮೂರು ನಾಯಿಗಳಿದ್ದವು. ಅಕ್ಕಪಕ್ಕದವರು ಊರಿಗೆ ಹೋಗುವಾಗ ತಮ್ಮ ನಾಯಿಗಳನ್ನೂ ಅವರಲ್ಲಿ ಬಿಟ್ಟು ಹೋಗುತ್ತಿದ್ದರು. ಹಾಗೇ ಅದು ಒಂದು ಕಸುಬಾಯಿತು. ಕೆಲಸಕ್ಕೆ ಹೋಗುವ ಗಂಡಹೆಂಡಿರು ಬೆಳಿಗ್ಗೆ ಮರಿ ಬಿಟ್ಟು ಸಂಜೆ ಒಯ್ಯತೊಡಗಿದರು. ಗೇಟಿಗೆ ಒಂದು ಬೋರ್ಡು ಬಂತು. ನನಗೆ ಪಾತ್ರೆ ಬಿಡಿಸಿ ಮರಿಗಳ ಕೆಲಸಕ್ಕೆ ಹಾಕಿಕೊಂಡರು.

ಮೊದಲ ಆರು ತಿಂಗಳು ಅದು ಒಳ್ಳೆಯ ಜಾಗವಾಗಿತ್ತು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ತಪ್ಪಾಗುತ್ತದೆ. ಅಮ್ಮಾವ್ರೇ ನಿಂತು ಅನ್ನ, ರಾಗಿ ಬೇಯಿಸಿ ಆರಿಸಿ ಬೆರಳಲ್ಲಿ ಮುಟ್ಟಿ ನೋಡಿ ಹಾಕುತ್ತಿದ್ದರು. ಯಾವ ಮರಿ ಗುಡುಗಿಗೆ ಹೆದರುತ್ತದೆ, ಯಾವುದಕ್ಕೆ ಹಾಲು ಆಗುವುದಿಲ್ಲ ಎಲ್ಲ ಅವರ ಬಾಯಲ್ಲಿತ್ತು. ಆಗ ಇದ್ದದ್ದು ಆರೇಳು ಮರಿ. ವರ್ಷ ಕಳೆಯುವುದರಲ್ಲಿ ಇಪ್ಪತ್ತರ ಹತ್ತಿರವಾದವು, ಕೈ ಮಾತ್ರ ನಮ್ಮಿಬ್ಬರದೇ. ಮರಿಗಳು ಹಿತ್ತಲಿಗೆ ಹೋದವು. ಬಟ್ಟೆ ಒಗೆಯುವ ಕಲ್ಲಿನ ಸುತ್ತ, ತಗಡಿನ ಕೆಳಗೆ, ಒಂದನ್ನೊಂದು ಕಚ್ಚದಿರಲಿ ಎಂದು ಗಿಡ್ಡ ಹಗ್ಗದಲ್ಲಿ ಕಟ್ಟಿ ಹಾಕುತ್ತಿದ್ದೆವು. ನೋಡಲು ಚೆಂದವಿದ್ದ, ಗಲಾಟೆ ಮಾಡದ ಎರಡು ಮೂರು ಮರಿ ಮಾತ್ರ ಮುಂದಿನ ಹಜಾರದಲ್ಲಿ ಚಾಪೆಯ ಮೇಲೆ ಇರುತ್ತಿದ್ದವು. ಬಂದವರ ಕಣ್ಣಿಗೆ ಬೀಳುತ್ತಿದ್ದದ್ದು ಅವೇ.

ಹೊಡೆದದ್ದನ್ನು ನಾನು ನೋಡಿಲ್ಲ. ಬೈದದ್ದೂ ಕಡಿಮೆ. ಅವುಗಳ ಹತ್ತಿರ ನಿಂತು ಒಂದು ನಿಮಿಷ ನೋಡುವವರೇ ಇರಲಿಲ್ಲ, ಅಷ್ಟೇ.

ಮರಿ ತಂದವರನ್ನು ಮಾತ್ರ ಅಮ್ಮಾವ್ರು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಯಾರ ಮಂಡಿ ನೋವು, ಯಾರ ಮಗಳ ಪರೀಕ್ಷೆ ಎಲ್ಲ ನೆನಪಿಟ್ಟು ಕೇಳುತ್ತಿದ್ದರು. ಕೂರಿಸಿ ಕಾಫಿ ಕೊಡುತ್ತಿದ್ದರು. ಯಾರಾದರೂ ಹಿತ್ತಲು ನೋಡಬೇಕು ಎಂದರೆ, "ಬ್ಯಾಡಿ ಕಣ್ರೀ, ನಿಮ್ಮನ್ನ ಕಂಡ್ರೆ ಮತ್ತೆ ಅಳೋಕೆ ಶುರುಮಾಡ್ತವೆ. ಈಗ ತಾನೇ ಮಲಗವೆ" ಎನ್ನುತ್ತಿದ್ದರು. ಕೇಳಿದವರು ಕಣ್ಣು ಒದ್ದೆ ಮಾಡಿಕೊಂಡು ವಾಪಸು ಹೋಗುತ್ತಿದ್ದರು. ಸಂಜೆ ಐದಕ್ಕೆ ನಾನು ಎಲ್ಲ ಮರಿಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮಕ್ಕಳ ಪೌಡರ್ ಹಾಕುತ್ತಿದ್ದೆ. ಹಿತ್ತಲ ನಾತ ಮುಂದಿನ ಬಾಗಿಲಿಗೆ ಬರುತ್ತಿರಲಿಲ್ಲ.

ಚೀಟಿ ಅಮ್ಮಾವ್ರ ಯೋಚನೆ. ಕ್ಯಾಲೆಂಡರಿನ ಮೇಲೆ ನಾನು ಹಾಲಿನ ಲೆಕ್ಕ ಬರೆದಿದ್ದನ್ನು ನೋಡಿ, "ಎಂಥಾ ಅಕ್ಷರ ಕಣೇ ನಿಂದು! ದಿನಾ ಒಂದೊಂದು ಮರಿಗೂ ಒಂದೊಂದು ಚೀಟಿ ಬರ್ದುಕೊಡು. ಏನ್ ತಿಂತು, ಹೆಂಗೆ ಆಡ್ತು ಅಂತ" ಎಂದರು. ಮೊದಮೊದಲು ಸಂಜೆ ನಾಲ್ಕಕ್ಕೆ ಕೂತು, ಮರಿಗಳನ್ನು ನೋಡಿಕೊಂಡು ಬರೆಯುತ್ತಿದ್ದೆ. ಮರಿ ಹೆಚ್ಚಾದ ಮೇಲೆ ನಾಲ್ಕು ಗಂಟೆಗೆ ನನ್ನ ಕೈ ಫಿನಾಯಿಲು ನೀರಿನಲ್ಲಿ ಇರುತ್ತಿತ್ತು. ಒದ್ದೆ ಕೈಯಲ್ಲಿ ಬರೆದರೆ ಶಾಯಿ ಹರಡುತ್ತಿತ್ತು. "ಅಕ್ಷರ ಕೆಡಿಸ್ಬೇಡ. ಬೆಳಿಗ್ಗೆ ಬಂದ ತಕ್ಷಣ ಬರ್ದಿಟ್ಬುಡು, ದಿನಾ ಮಾಡೋದು ಅದೇ ತಾನೆ" ಎಂದರು ಅಮ್ಮಾವ್ರು. ಅಂದಿನಿಂದ ಬೆಳಿಗ್ಗೆ ಎಂಟೂವರೆಗೆ, ಕೈ ಒಣಗಿರುವಾಗಲೇ ಇಪ್ಪತ್ತು ಚೀಟಿ ಬರೆದು ಡಬ್ಬಿಗೆ ಹಾಕುತ್ತಿದ್ದೆ. ಮಧ್ಯಾಹ್ನ ಹನ್ನೆರಡೂವರೆಗೆ ಪೂರ್ತಿ ಊಟ ಮಾಡಿತು. ಆಡಿತು. ಎರಡು ಗಂಟೆ ಮಲಗಿತು.

ಒಂದೇ ಮಾತು ಬರೆದು ಬೇಸರವಾಗಿ ಸ್ವಲ್ಪ ಸ್ವಲ್ಪ ಬದಲಾಯಿಸುತ್ತಿದ್ದೆ. "ಇವತ್ತು ತುಂಟತನ ಜಾಸ್ತಿ." "ಗೇಟಿನ ಸದ್ದಾದಾಗಲೆಲ್ಲ ನಿಮ್ಮನ್ನೇ ಹುಡುಕಿತು." ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಇಂಥ ಚೀಟಿ ಓದಿ, ಕಣ್ಣಿಗೆ ಒತ್ತಿಕೊಂಡು, ನನ್ನ ಕೈ ಹಿಡಿದುಕೊಂಡಿದ್ದರು. ಏಳನೇ ಕ್ಲಾಸಿನವಳು ಬರೆದದ್ದನ್ನು ಅಷ್ಟು ಓದಿದವರು ಹೀಗೆ ಕಣ್ಣಿಗೆ ಒತ್ತಿಕೊಂಡರೆ ಯಾರಿಗೆ ಖುಷಿಯಾಗುವುದಿಲ್ಲ? ನನಗೆ ಆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಆ ಹೊತ್ತಿಗೆ ನಮ್ಮಮ್ಮ ತೀರಿಕೊಂಡಿದ್ದಳು. ತಮ್ಮ ಮಾತು ಬಿಟ್ಟ ಹಾಗಾಗಿದ್ದ. ಕಾರ್ಖಾನೆಯಿಂದ ಬಂದು ತಟ್ಟೆ ಮುಂದೆ ಕೂತರೆ ಅನ್ನ ಆರಿದರೂ ಕೈ ಹಾಕುತ್ತಿರಲಿಲ್ಲ. ಒಂದು ದಿನ ಯೂನಿಫಾರ್ಮಿನ ಅಂಗಿಯೊಳಗೆ ಒಂದು ಕಂದು ಬಣ್ಣದ ಮರಿ ಇಟ್ಟುಕೊಂಡು ಬಂದ. ಜೊತೆ ಕೆಲಸದವನ ಮನೆಯಲ್ಲಿ ಹಾಕಿದ್ದು. ಅವತ್ತು ರಾತ್ರಿ ಊಟ ಮಾಡುತ್ತಾ, "ನೋಡಕ್ಕಾ, ನಂಗಿಂತ ಜಾಸ್ತಿ ತಿಂತದೆ" ಎಂದು ನಕ್ಕ. ಅಮ್ಮ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಹಗಲು ನಾವಿಬ್ಬರೂ ಇಲ್ಲದಾಗ ಮರಿ ಒಂದೇ ಸಮನೆ ಅಳುತ್ತಿತ್ತು. ಓಣಿಯವರು ತಕರಾರು ಮಾಡಿದರು. "ಅಕ್ಕಾ, ನಿಮ್ಮ ಜಾಗ ಹೆಂಗದೆ? ನಿಜ ಹೇಳು" ಎಂದು ಕೇಳಿದ. ನನಗೆ ಆಗಲೇ ಹಿತ್ತಲು ಗೊತ್ತಿತ್ತು. "ಚೆನ್ನಾಗದೆ. ನಾನಿರ್ತೀನಲ್ಲ" ಎಂದೆ. ನಾನಿದ್ದರೆ ಸಾಕು ಎಂದು ನಾನೂ ನಂಬಿದ್ದೆ.

ದಿನಾ ಬೆಳಿಗ್ಗೆ ಮರಿಯನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. "ಬುಟ್ಟಿಗೆ ಲಗೇಜು, ಒಳಗಿರೋ ಅಯ್ಯನಿಗೆ ಫುಲ್ ಟಿಕೀಟು" ಎಂದು ಕಂಡಕ್ಟರ್ ರೇಗಿಸುತ್ತಿದ್ದ. ಸಂಜೆ ಐದೂವರೆಗೆ ತಮ್ಮ ಕಂಪನಿ ಬಸ್ಸಿಳಿದು ಬಂದು ಮರಿಯನ್ನು ಒಯ್ಯುತ್ತಿದ್ದ. ನಾನು ಹಿತ್ತಲು ತೊಳೆದು ಮನೆ ಸೇರುವುದು ಎಂಟಾಗುತ್ತಿತ್ತು. "ಎಲ್ರಿಗೂ ಚೀಟಿ ಕೊಡ್ತೀಯಂತೆ, ನಂಗೂ ಕೊಡು" ಎಂದು ಹಟ ಮಾಡಿ ಅವನೂ ಚೀಟಿ ಪಡೆಯುತ್ತಿದ್ದ. ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುವ ಕೊಕ್ಕೆ ತಂತಿ ಇರುತ್ತದಲ್ಲ, ಅಂಥದ್ದೊಂದು ತಂದು ಗೋಡೆಗೆ ನೇತುಹಾಕಿ ದಿನದ ಚೀಟಿಯನ್ನು ಅದಕ್ಕೆ ಚುಚ್ಚುತ್ತಿದ್ದ. ನಾನು ಮನೆಗೆ ಬರುವಷ್ಟರಲ್ಲಿ ಅದನ್ನು ಎರಡು ಸಲ ಓದಿರುತ್ತಿದ್ದ. ಅವನ ಮರಿಯ ಚೀಟಿಯನ್ನಾದರೂ ಸಂಜೆ ಬರೆಯಬಹುದಾಗಿತ್ತು. ಒಂದೇ ಒಂದು ಚೀಟಿ. ಬರೆಯಲಿಲ್ಲ. ಇಪ್ಪತ್ತರ ಜೊತೆ ಅದೂ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಮಂಗಳವಾರ. ಹಿಂದಿನ ವಾರದಿಂದ ಎರಡು ಮರಿ ಬಂದಿರಲಿಲ್ಲ. ಅವಕ್ಕೆ ಭೇದಿ ಹತ್ತಿದೆ ಎಂದು ನನಗೂ ಅಮ್ಮಾವ್ರಿಗೂ ಗೊತ್ತಿತ್ತು. ಕೇಳಿದವರಿಗೆ ಊರಿಗೆ ಹೋಗಿವೆ ಎಂದಿದ್ದೆವು. ಹನ್ನೆರಡೂವರೆಗೆ ಅನ್ನ ಹಾಕಿದಾಗ ತಮ್ಮನ ಮರಿ ತಟ್ಟೆಯ ಕಡೆ ತಿರುಗಲಿಲ್ಲ. ಒಗೆಯುವ ಕಲ್ಲಿನ ನೆರಳಿಗೆ ಹೋಗಿ ಮಲಗಿತು. ಎರಡು ಗಂಟೆಯ ಹೊತ್ತಿಗೆ ಹಳದಿ ನೊರೆ ವಾಂತಿ ಮಾಡಿತು. ನಾನು ನೀರು ಸುರಿದು ತೊಳೆದೆ. ಐದಕ್ಕೆ ಒರೆಸಿ ಪೌಡರ್ ಹಾಕುವಾಗ ಅದರ ಕುತ್ತಿಗೆ ನಿಲ್ಲುತ್ತಿರಲಿಲ್ಲ.

ಚೀಟಿ ಡಬ್ಬಿಯಲ್ಲಿ ಸಿದ್ಧವಾಗಿತ್ತು. ಕೈಗೆತ್ತಿಕೊಂಡೆ. ಗೀಚಿ ಹಾಕಲು ಪೆನ್ನೂ ಸಿಕ್ಕಿತು. ಅಷ್ಟರಲ್ಲಿ ಜಾಗ ನೋಡಲು ಹೊಸಬರು ಇಬ್ಬರು ಬಂದರು. ಅಮ್ಮಾವ್ರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು, "ನೋಡಿ, ಪ್ರತಿ ಮರಿಗೂ ದಿನಾ ಹೀಗೆ ಬರೆದುಕೊಡ್ತೀವಿ" ಎಂದು ಅವರಿಗೆ ತೋರಿಸಿದರು. ಅವರ ಹಿಂದೆಯೇ ತಮ್ಮ ನಿಂತಿದ್ದ. "ಇದು ನಂದೇ" ಎಂದು ನಗುತ್ತಾ ಚೀಟಿ ಇಸಿದುಕೊಂಡ. ಮರಿಯನ್ನು ಎತ್ತಿಕೊಂಡು, "ಆಡಿ ಆಡಿ ಸುಸ್ತಾಗ್ಬುಟ್ಟಿದೀಯಾ?" ಎಂದು ಅದರ ಹಣೆಗೆ ಹಣೆ ತಾಗಿಸಿದ.

ನಾನು ಪೆನ್ನನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಎಂಟಕ್ಕೆ ಮನೆಗೆ ಹೋದಾಗ ಮರಿ ಅಮ್ಮನ ಹಳೆಯ ಸೀರೆಯ ಮೇಲೆ ಮಲಗಿತ್ತು. "ಹೊಟ್ಟೆ ತುಂಬ ತಿಂದದೆ, ಎಬ್ಬಿಸ್ಬ್ಯಾಡ" ಎಂದ ತಮ್ಮ. ಆಗಲಾದರೂ ಹೇಳಬಹುದಿತ್ತು. ಗೋಡೆಯ ಮೇಲಿನ ತಂತಿಯನ್ನು ನೋಡಿದೆ. ಒಂದೂವರೆ ತಿಂಗಳ ಚೀಟಿ ಒಂದು ಬೆರಳು ದಪ್ಪ ಇತ್ತು. ಇವತ್ತಿನದು ಸುಳ್ಳು ಎಂದರೆ ಅಷ್ಟೂ ಸುಳ್ಳು ಎನ್ನಬೇಕಾಗುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ತಾನೇ ಸರಿಹೋಗುತ್ತದೆ ಎಂದುಕೊಂಡು ತಟ್ಟೆ ಹಾಕಿದೆ.

ಬೆಳಿಗ್ಗೆ ಅದು ಮೂರು ಸಲ ವಾಂತಿ ಮಾಡಿತು. ತಮ್ಮ ಕೆಲಸಕ್ಕೆ ರಜೆ ಹಾಕಿ ಪಶು ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ನಾನೂ ಹಿಂದೆಯೇ ಹೋದೆ. ಡಾಕ್ಟರು ವಯಸ್ಸಾದವರು, ಸಮಾಧಾನದವರು. ಮರಿಯ ಹೊಟ್ಟೆ ಅಮುಕಿ ನೋಡುತ್ತಾ, "ಕೊನೇ ಸಲ ಊಟ ಮಾಡಿದ್ದು ಯಾವಾಗಪ್ಪಾ?" ಎಂದರು.

ತಮ್ಮ ಜೇಬಿನಿಂದ ಚೀಟಿ ತೆಗೆದುಕೊಟ್ಟ. ಇನ್ನೂ ತಂತಿಗೆ ಚುಚ್ಚಿರಲಿಲ್ಲ.

ಡಾಕ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಮಧ್ಯಾಹ್ನ ಹನ್ನೆರಡೂವರೆಗೆ ಪೂರ್ತಿ ಊಟ ಮಾಡಿತು. ಆಡಿತು. ಎರಡು ಗಂಟೆ ಮಲಗಿತು. ಅಕ್ಷರ ಅಚ್ಚು ಹಾಕ್ದಂಗಿದೆಯಲ್ರೀ! ಯಾರು ಬರ್ದಿದ್ದು?"

"ನಮ್ಮಕ್ಕ ಸಾರ್. ಇಲ್ಲೇ ಅವ್ಳೆ."

ಡಾಕ್ಟರು ನನ್ನ ಕಡೆ ತಿರುಗಿದರು. "ತಿಂದಿದ್ದನ್ನ ನೀವೇ ಕಣ್ಣಾರೆ ನೋಡಿದ್ರಾ ತಾಯಿ?"

ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ಅನುಮಾನದಿಂದಲ್ಲ. ಹೇಳಕ್ಕಾ, ನೀನು ಹೇಳಿದರೆ ಅವರು ನಂಬುತ್ತಾರೆ ಎನ್ನುವ ಹಾಗೆ.

"ಹೂಂ ಸಾರ್. ನೋಡ್ದೆ."

"ಅಲ್ಲಿ ಬೇರೆ ಮರಿಗಳಿಗೆ ವಾಂತಿ, ಭೇದಿ ಏನಾದ್ರೂ ಇದೆಯಾ?"

"ಇಲ್ಲ ಸಾರ್."

"ಹಂಗಾದ್ರೆ ರಾತ್ರಿ ಏನೋ ತಿಂದಿರ್ಬೇಕು. ಗಾಬರಿಯಾಗ್ಬೇಡಿ" ಎಂದು ಡಾಕ್ಟರು ವಾಂತಿ ನಿಲ್ಲಲು ಒಂದು ಇಂಜೆಕ್ಷನ್ ಕೊಟ್ಟು, ಮಾರನೆಯ ದಿನ ಬನ್ನಿ ಎಂದರು.

ಕೆಲಸ ಹೋಗುತ್ತದೆ ಎಂದು ಸುಳ್ಳು ಹೇಳಿದೆನೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಲ್ಲ. ಪಾತ್ರೆ ತೊಳೆಯುವ ಕೆಲಸ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಅಕ್ಕ ಬರೆದದ್ದು ಎಂದು ಮೇಷ್ಟ್ರ ಕೈಯಲ್ಲಿ ಏಟು ತಿಂದು ಹೆಮ್ಮೆಪಟ್ಟವನ ಮುಂದೆ, ಅದು ಸುಳ್ಳು ಬರವಣಿಗೆ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟು ಸಣ್ಣ ಕಾರಣ. ಮೇಜಿನ ಮೇಲೆ ಮರಿ ನಡುಗುತ್ತಿತ್ತು.

ಅದೇ ಮಧ್ಯಾಹ್ನ ನಾಲ್ಕಕ್ಕೆ ರಕ್ತಭೇದಿ ಶುರುವಾಯಿತು. ಅಷ್ಟೊತ್ತಿಗೆ ಆಸ್ಪತ್ರೆ ಮುಚ್ಚಿತ್ತು. ಮಾರನೆಯ ಬೆಳಿಗ್ಗೆ ಡ್ರಿಪ್ ಹಾಕಿದರು. "ಇದು ಪಾರ್ವೋ, ಮರಿಗಳಿಗೆ ಬರೋ ಕೆಟ್ಟ ಭೇದಿ ರೋಗ. ಒಂದು ದಿನ ಮುಂಚೆ ಗೊತ್ತಾಗಿದ್ರೆ ನೋಡಬಹುದಾಗಿತ್ತು. ಆಗ್ಲೂ ಗ್ಯಾರಂಟಿ ಹೇಳೋಕಾಗಲ್ಲ" ಎಂದರು ಡಾಕ್ಟರು. ಹನ್ನೊಂದು ಗಂಟೆಗೆ ಆಸ್ಪತ್ರೆಯ ಸಿಮೆಂಟು ಬೆಂಚಿನ ಮೇಲೆ, ತಮ್ಮನ ತೊಡೆಯಲ್ಲಿ ಮರಿ ಹೋಯಿತು. ಡ್ರಿಪ್ಪಿನ ಬಾಟಲಿ ಅರ್ಧ ಹಾಗೇ ಇತ್ತು.

ಗ್ಯಾರಂಟಿ ಇಲ್ಲ ಎಂಬ ಆ ಮಾತನ್ನು ನಾನು ನಾಲ್ಕು ವರ್ಷ ಹಿಡಿದುಕೊಂಡಿದ್ದೆ.

ಮಣ್ಣು ಮಾಡಿ ಬಂದ ತಮ್ಮ ಕೈಕಾಲು ತೊಳೆದು, ಜೇಬಿನಲ್ಲಿದ್ದ ಚೀಟಿಯನ್ನು ತಂತಿಗೆ ಚುಚ್ಚಿದ. ಅದರ ಮೇಲೆ ಕೈಯಿಟ್ಟು ನಿಂತು, "ನಮ್ಮ ಕೈ ತಪ್ಪೋ ಮುಂಚೆ ಒಂದಿನ ಹೊಟ್ಟೆ ತುಂಬ ತಿಂದು, ಆಡಿ, ಮಲಗಿತ್ತಲ್ಲ. ಅಷ್ಟು ಸಾಕು ಬುಡಕ್ಕಾ" ಎಂದ. ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಇದಾದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಅವನ ಹತ್ತಿರ ಉಳಿದದ್ದು ಅದೊಂದೇ, ಅದನ್ನೂ ನಾನು ಕಿತ್ತುಕೊಳ್ಳಬೇಕಾಗಿತ್ತು.

ನಾನು ಮತ್ತೆ ಕೆಲಸಕ್ಕೆ ಹೋದೆ. ಹೋದ ದಿನ ಬೆಳಿಗ್ಗೆ ಚೀಟಿ ಬರೆಯಲಿಲ್ಲ. ಸಂಜೆ ನಾಲ್ಕಕ್ಕೆ ಕೈ ಒರೆಸಿಕೊಂಡು ಹಿತ್ತಲಿನಲ್ಲಿ ಕೂತು, ಕಂಡದ್ದನ್ನು ಬರೆದೆ. ಒಂದು ಪೊಮೇರಿಯನ್ ಅರ್ಧವೂ ತಿಂದಿರಲಿಲ್ಲ. "ಇವತ್ತು ಊಟ ಸರಿಯಾಗಿ ಮಾಡಲಿಲ್ಲ" ಎಂದು ಬರೆದೆ. ಅದನ್ನು ಓದಿದ್ದು ನನ್ನ ಕೈ ಹಿಡಿದುಕೊಂಡಿದ್ದ ಬ್ಯಾಂಕಿನವರೇ. "ಏನಮ್ಮಾ ಇದು? ನಂಬಿ ಬಿಟ್ಟು ಹೋದ್ರೆ ತಿನ್ನಿಸೋಕೂ ಆಗಲ್ವಾ ನಿಮಗೆ?" ಎಂದು ಎಲ್ಲರೆದುರು ಕೂಗಾಡಿದರು. ಅವರು ಹೋದ ಮೇಲೆ ಅಮ್ಮಾವ್ರು ಬೈಯಲಿಲ್ಲ. "ನೋಡಿದ್ಯಾ? ಅವರಿಗೆ ಬೇಕಾಗಿರೋದು ಯಾವ ಚೀಟಿ ಅಂತ" ಎಂದರು, ಅಷ್ಟೇ. ಆ ಜಾಗ ಹಾಗಾಗಲು ಅಮ್ಮಾವ್ರೊಬ್ಬರೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಮರಿಗೆ ಭೇದಿ ಎಂದು ಆ ಬ್ಯಾಂಕಿನವರಿಗಾಗಲಿ ಉಳಿದವರಿಗಾಗಲಿ ನಾನೂ ಹೇಳಲಿಲ್ಲ. ತಿಂಗಳಲ್ಲಿ ಕೆಲಸ ಬಿಟ್ಟು ಒಂದು ಶಾಲೆಗೆ ಆಯಾ ಆಗಿ ಸೇರಿಕೊಂಡೆ.

ಇಷ್ಟು ಹೊಟ್ಟೆಯಲ್ಲಿಟ್ಟುಕೊಂಡು ನಾನು ತಮ್ಮ ಹೇಳಿದ ಹೊಸ ಜಾಗ ನೋಡಲು ಹೋದದ್ದು. ಶಾಲೆಯಲ್ಲಿ ಅರ್ಧ ದಿನ ರಜೆ ಕೇಳಿ, ಬೇಕೆಂದೇ ಹನ್ನೊಂದು ಗಂಟೆಗೆ ಹೋದೆ. ಬಿಡುವ ಹೊತ್ತಲ್ಲೂ ಒಯ್ಯುವ ಹೊತ್ತಲ್ಲೂ ಅಂಥ ಜಾಗಗಳು ಸಿಂಗಾರವಾಗಿರುತ್ತವೆ, ನೋಡಬೇಕಾದ್ದು ನಡುಹಗಲಲ್ಲಿ. ಸೋಫಾ ಇತ್ತು, ಗಾಜಿನ ಬಾಗಿಲಿತ್ತು. ನಾನು ಕೂರಲಿಲ್ಲ. "ಹಿಂದೆ ನೋಡ್ಬೇಕು" ಎಂದೆ. ಬಿಟ್ಟರು. ನೀರಿನ ಬಟ್ಟಲು ಮುಟ್ಟಿ ನೋಡಿದೆ, ಲೋಳೆ ಇರಲಿಲ್ಲ. ಮರಿಗಳನ್ನು ಕಟ್ಟಿರಲಿಲ್ಲ. ದೊಡ್ಡವೂ ಚಿಕ್ಕವೂ ಬೇರೆ ಬೇರೆ ಇದ್ದವು. ಮೂಗು ಅರಳಿಸಿ ಎಳೆದೆ, ನಾತ ಇಲ್ಲ. ಲಸಿಕೆ ಪುಸ್ತಕ ತರದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದರು. ನನ್ನ ಎದೆ ಹಗುರವಾಗುತ್ತಾ ಬಂತು. ಚೆನ್ನಾಗದೆ ಎಂದು ತಮ್ಮನಿಗೆ ಹೇಳಿಬಿಡಬಹುದು, ನಿಜವನ್ನೇ ಹೇಳಿದಂತಾಗುತ್ತದೆ, ಹಳೆಯದನ್ನು ತೆಗೆಯುವ ಅಗತ್ಯವೇ ಬರುವುದಿಲ್ಲ ಎಂದುಕೊಂಡೆ.

ಹೊರಡುವಾಗ ಮೇಜಿನ ಹಿಂದಿದ್ದ ಹುಡುಗಿಯನ್ನು ಕೇಳಿದೆ. "ಮರಿ ಏನ್ ಮಾಡ್ತು ಅಂತ ಬರ್ದುಕೊಡ್ತೀರೇನಮ್ಮ?"

"ಕೊಡ್ತೀವಿ ಆಂಟಿ. ಕಾರ್ಡ್ ಇದೆ" ಎಂದು ಒಂದು ಕಟ್ಟು ಮುಂದಿಟ್ಟಳು. ಅಚ್ಚು ಹಾಕಿಸಿದ ಬಣ್ಣದ ಕಾರ್ಡು, ಮೇಲೆ ನಾಯಿಮರಿಯ ಚಿತ್ರ. ಮಧ್ಯಾಹ್ನದ ಊಟ, ಆಟ, ನಿದ್ದೆ. ಮೂರಕ್ಕೂ ಸರಿ ಗುರುತು ಹಾಕಿತ್ತು. ಕಟ್ಟಿನಲ್ಲಿದ್ದ ಎಲ್ಲ ಕಾರ್ಡಿಗೂ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು.

"ಇದು ನಿನ್ನೇದಾ?"

"ಇವತ್ತಿಂದೇ ಆಂಟಿ. ಮಧ್ಯಾಹ್ನ ಟೈಮೇ ಸಿಗಲ್ಲ" ಎಂದು ನಕ್ಕಳು. ಒಳ್ಳೆಯ ಹುಡುಗಿ. ಬೆರಳಿಗೆ ಶಾಯಿ ಅಂಟಿತ್ತು.

ಸಂಜೆ ತಮ್ಮನ ಮನೆಗೆ ಹೋದೆ. ಹೊಸ ಮರಿ ಬಾಗಿಲಿಗೇ ಬಂದು ನನ್ನ ಸೆರಗು ಕಚ್ಚಿ ಎಳೆಯಿತು. ಒಳಗೆ ಅವನ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು.

"ಹೆಂಗದೆ ಅಕ್ಕಾ?"

"ನೀರು ಚೊಕ್ಕಟಾಗದೆ. ಕಟ್ಟಾಕಿಲ್ಲ. ನಾತ ಇಲ್ಲ."

"ಅಂಗಾದ್ರೆ ಬುಡಬೋದು ಅನ್ನು."

"ಬ್ಯಾಡ."

"ಯಾಕೆ?"

"ಹನ್ನೊಂದೂಕಾಲಿಗೇ ಮಧ್ಯಾಹ್ನ ಊಟ ಮಾಡ್ತು ಅಂತ ಬರ್ದಿಟ್ಟವ್ರೆ."

ತಮ್ಮ ಜೋರಾಗಿ ನಕ್ಕ. "ಅಷ್ಟಕ್ಕಾ? ಅಯ್ಯೋ, ನೀನ್ ಬರೀತಿದ್ದಂಗೆ ಎಲ್ರೂ ಬರೀತಾರಾ? ಬುಡು ಅತ್ಲಾಗೆ."

ಈಗಲೂ ಜಾರಿಕೊಳ್ಳಬಹುದಾಗಿತ್ತು. ಮರಿ ನನ್ನ ಕಾಲಬೆರಳು ನೆಕ್ಕುತ್ತಿತ್ತು.

"ನಾನೂ ಅಂಗೇ ಬರೀತಿದ್ದೆ ಕಣೋ" ಎಂದೆ.

ಅವನ ನಗು ತಕ್ಷಣ ಹೋಗಲಿಲ್ಲ. ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಇತ್ತು.

"ಯಾವತ್ತು?"

"ದಿನಾ. ಬೆಳಿಗ್ಗೆ ಹೋದ ತಕ್ಷಣ."

"ನಮ್ಮ ಮರೀದೂವಾ?"

"ಹೂಂ."

"ಡಾಕ್ಟ್ರಿಗೆ ತೋರಿಸಿದ್ದು?"

"ಅದೂವೆ. ಅದು ತಿಂದಿರ್ಲಿಲ್ಲ. ಬೇರೆ ಮರಿಗೆ ಭೇದಿ ಇದ್ದಿದ್ದೂ ನಂಗೊತ್ತಿತ್ತು. ಡಾಕ್ಟ್ರು ಕೇಳ್ದಾಗ ಸುಳ್ಳು ಹೇಳ್ದೆ."

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ತಮ್ಮ ಎದ್ದು ಕೋಣೆಗೆ ಹೋದ. ಟ್ರಂಕು ಎಳೆದ ಸದ್ದಾಯಿತು. ಬಂದಾಗ ಕೈಯಲ್ಲಿ ಆ ತಂತಿ ಇತ್ತು. ಮದುವೆಯಾಗಿ ಮನೆ ಬದಲಾಯಿಸಿದಾಗ ಅದನ್ನು ಎಸೆದಿದ್ದಾನೆ ಎಂದುಕೊಂಡಿದ್ದೆ. ಚೀಟಿಗಳು ಹಳದಿಯಾಗಿದ್ದವು. ಹರಿದು ಹಾಕುತ್ತಾನೆ ಎಂದು ಕಾದೆ. ಹರಿಯಲಿಲ್ಲ. ಕೊನೆಯ ಚೀಟಿಯನ್ನು ಬೆರಳಲ್ಲಿ ಹಿಡಿದು ನನ್ನೆದುರು ಕೂತ.

"ಅಂಗಾದ್ರೆ ಅವತ್ತು ಅದು ಏನ್ ಮಾಡ್ತು? ಸರಿಯಾಗಿ ಹೇಳು. ಹನ್ನೆರಡೂವರೆಗೆ ಏನ್ ಮಾಡ್ತಿತ್ತು?"

"ಒಗೆಯೋ ಕಲ್ಲಿನ ನೆಳ್ಳಲ್ಲಿ ಮಲಗಿತ್ತು."

"ಕಟ್ಟಿದ್ರಾ?"

"ಕಟ್ಟಿದ್ವಿ. ಗಿಡ್ಡ ಹಗ್ಗ."

"ನೀರು?"

"ಒಂದ್ ಸಲ ಕುಡೀತು. ಆಮೇಲೆ ವಾಂತಿ ಮಾಡ್ತು. ಹಳದಿ."

"ನೀನ್ ಹತ್ರ ಹೋದ್ಯಾ?"

"ತೊಳೆಯೋಕ್ ಹೋದೆ. ನನ್ನ ನೋಡಿ ಬಾಲ ಆಡಿಸ್ತು. ಎದ್ದೇಳೋಕ್ ನೋಡ್ತು, ಆಗ್ಲಿಲ್ಲ."

"ಎತ್ಕೊಂಡ್ಯಾ?"

"ಇಲ್ಲ."

ಅವನು ತಲೆ ತಗ್ಗಿಸಿ ಕೂತ. ಇನ್ನೂ ಕೇಳಿದ. ಐದು ಗಂಟೆಗೆ ಹೇಗಿತ್ತು, ಕಣ್ಣು ಬಿಟ್ಟಿತ್ತಾ, ಅತ್ತಿತಾ. ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇರೆ ಏನೂ ಕೇಳಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹೊರಟಾಗ ಬಸ್ ಸ್ಟಾಪಿನ ತನಕ ಬಂದ. ಬಸ್ಸು ಬಂದ ಮೇಲೆ, "ಮರೀನ ಅಲ್ಲಿಗೆ ಬುಡಲ್ಲ" ಎಂದಷ್ಟೇ ಹೇಳಿದ.

ಆ ಮರಿಯನ್ನು ಅವನ ಅತ್ತೆ ಬಂದು ಇದ್ದು ನೋಡಿಕೊಂಡರು. ಅದೀಗ ದೊಡ್ಡ ನಾಯಿ. ತಮ್ಮ ಮೊದಲಿನ ಹಾಗೇ ಭಾನುವಾರ ಬರುತ್ತಾನೆ, ಮೆಟ್ಟಿಲ ಮೇಲೆ ಕೂರುತ್ತಾನೆ. ನಾನು ಕಾಫಿ ಕೊಟ್ಟು, "ಸಕ್ಕರೆ ಹಾಕಿದೀನಿ ಕಣೋ" ಎನ್ನುತ್ತೇನೆ. ಅವನು ತಲೆಯಾಡಿಸುವುದಿಲ್ಲ. ಒಂದು ಗುಟುಕು ಕುಡಿದು ನೋಡುತ್ತಾನೆ, ಆಮೇಲೆ ತಲೆಯಾಡಿಸುತ್ತಾನೆ.